ಕೆಳಗಿನ ಕೊಳವೆಯ ನೀರು

೨೦೨೨ರ ಬೇಸಿಗೆ. ಬಸವ್ವ ತಿಂದದ್ದು ಹೊಟ್ಟೆಯಲ್ಲಿ ನಿಲ್ಲದೆ ಎರಡು ತಿಂಗಳಾಗಿತ್ತು. ಬೆಳಿಗ್ಗೆ ಎದ್ದು ಒಂದು ಲೋಟ ನೀರು ಕುಡಿದರೆ ಸಾಕು, ವಾಂತಿ. ವಿಜಯಪುರದಿಂದ ಪರದೇಶದ ಡೈಮಂಡ್ ಬಾರ್ ಎಂಬ ಊರಿಗೆ, ಮಗನ ಮನೆಗೆ ಬಂದ ಹೊಸದರಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದ ಮನೆಯವರನ್ನು ಎಬ್ಬಿಸುತ್ತಿದ್ದ ಮುದುಕಿ, ಈಗ ಸೋಫಾದ ಮೂಲೆಯಲ್ಲಿ ಬಟ್ಟೆಯ ಗಂಟಿನ ಹಾಗೆ ಕೂತಿರುತ್ತಿದ್ದಳು. ಸ್ಕ್ಯಾನ್ ಆಯಿತು, ಎಂಡೋಸ್ಕೋಪಿ ಆಯಿತು. ಲಿವರಿನ ಅಂಕಿಗಳು ಮಾತ್ರ ಏರುತ್ತಲೇ ಇದ್ದವು. ಸೋಮವಾರ ಲಿವರಿನ ಚೂರು ತೆಗೆದು ಪರೀಕ್ಷೆಗೆ ಕಳಿಸುವುದೆಂದು ಡಾಕ್ಟರು ಹೇಳಿದ್ದರು. ಮಗ ಓಂಪ್ರಕಾಶ್ ಕ್ಯಾನ್ಸರ್ ಎಂಬ ಮಾತನ್ನು ಬಾಯಿಗೆ ತರದೆ ಒಳಗೊಳಗೇ ಬೇಯುತ್ತಿದ್ದ.

ಸೊಸೆ ವಿಜಯ ನೀರಿನ ರಸಾಯನಶಾಸ್ತ್ರ ಅರೆದು ಕುಡಿದವಳು. ವಾರಕ್ಕೆ ಮೂರು ದಿನ ಕಡಲತಡಿಯ ಲಾ ಹೋಯಾದ ಲ್ಯಾಬಿಗೆ ಡ್ರೈವ್ ಮಾಡಿ, ಕಡಲು ಎಷ್ಟು ಹುಳಿಯಾಗುತ್ತಿದೆಯೆಂದು ಅಳೆಯುವುದು ಅವಳ ಕೆಲಸ. ಪಿಎಚ್ ಎಂಬ ಅಳತೆಯಲ್ಲಿ ಏಳು ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅಲ್ಲಿಂದ ಒಂದು ಮೆಟ್ಟಿಲು ಇಳಿದರೆ ಹುಳಿ ಹತ್ತು ಪಟ್ಟು, ಎರಡು ಇಳಿದರೆ ನೂರು ಪಟ್ಟು. ಕಡಲು ಮೆಟ್ಟಿಲಿನ ನೂರನೇ ಒಂದು ಪಾಲು ಜಾರಿದರೂ ಇವಳಿಗೆ ಊಟ ಸೇರದು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಆ ಮಾತು ತನಗೂ ತಗಲೀತೆಂದು ಪಾಪ, ಅವಳು ಎಣಿಸಿರಲಿಲ್ಲ.

ಶನಿವಾರ ಬೆಳಿಗ್ಗೆ ಅತ್ತೆಗೆ ಏಳಲಾಗಲಿಲ್ಲ. ಅವಳ ತಾಮ್ರದ ಕೊಡ ತೊಳೆಯಲು ವಿಜಯಳೇ ಹೋದಳು. ಹಿಂದಿನ ದಿನ ನೀರು ತುಂಬಿಟ್ಟು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕುಡಿಯುವುದು ಬಸವ್ವನ ಐವತ್ತು ವರ್ಷದ ರೂಢಿ. ಕೊಡದ ಹೊರಮೈ ಕಪ್ಪಿಟ್ಟಿತ್ತು. ನೀರೊಳಗೆ ಇಣುಕಿದರೆ ಒಳಮೈ ಈಗತಾನೇ ಅಂಗಡಿಯಿಂದ ತಂದಂತೆ ಫಳಫಳ ಅನ್ನುತ್ತಿತ್ತು.

"ಅತ್ತೀ, ಒಳಗ ಹುಣಸಿಹಣ್ಣು ಹಚ್ಚಿ ತಿಕ್ಕೀರೇನ್ರಿ?"

"ಇಲ್ಲವ್ವಾ. ಈ ದೇಶದ ನೀರು ಛಲೋ ಐತಿ. ತಿಕ್ಕೂದ ಬ್ಯಾಡ, ತಾನ ಬೆಳಗತೈತಿ."

ತಾಮ್ರ ತಾನಾಗಿ ಬೆಳಗುವುದಿಲ್ಲ. ಹುಳಿ ತಾಗಿದರೆ ಬೆಳಗುತ್ತದೆ, ಕರಗಿದ ತಾಮ್ರ ನೀರಿಗೇ ಸೇರುತ್ತದೆ.

"ಯಾವ ನೀರು ತುಂಬ್ತೀರಿ ಇದಕ್ಕ?"

ಬಸವ್ವ ಸಿಂಕಿನ ಕಡೆ ಕೈ ಮಾಡಿದಳು. ಅಲ್ಲಿ ಓಂಪ್ರಕಾಶ್ ತಾಯಿಯ ಆರೋಗ್ಯಕ್ಕೆಂದೇ ತರಿಸಿದ ಯಂತ್ರವಿತ್ತು. ಅದು ನಲ್ಲಿಯ ನೀರನ್ನು ಕರೆಂಟಿನಿಂದ ಎರಡು ಪಾಲು ಮಾಡುತ್ತದೆ. ಮೇಲಿನ ಕೊಳವೆಯಲ್ಲಿ ಬರುವ ಕ್ಷಾರದ ನೀರು ಕುಡಿಯಲಿಕ್ಕೆ, ಕೆಳಗಿನ ಕೊಳವೆಯ ಹುಳಿ ನೀರು ಸಿಂಕಿಗೆ. ಬಸವ್ವ ತೋರಿಸಿದ್ದು ಕೆಳಗಿನ ಕೊಳವೆಯನ್ನು.

ವಿಜಯ ಕೊಡದ ನೀರನ್ನು ಬಾಟಲಿಗೆ ಬಗ್ಗಿಸಿಕೊಂಡು ಕಾರು ಹತ್ತಿದಳು. ಲ್ಯಾಬು ಮುಟ್ಟಲು ಎರಡು ಗಂಟೆ. ಕೊಡದ ನೀರಿನ ಪಿಎಚ್ ಐದಕ್ಕಿಂತ ಕೆಳಗಿತ್ತು. ತಾಮ್ರ, ಕುಡಿಯುವ ನೀರಿಗಿರುವ ಮಿತಿಯ ಹನ್ನೆರಡು ಪಟ್ಟು. ಡಾಕ್ಟರಿಗೆ ಫೋನ್ ಮಾಡಿದಳು. ಆ ನೀರು ಇವತ್ತೇ ನಿಲ್ಲಿಸಿ, ಸೋಮವಾರ ಮೊದಲು ರಕ್ತದಲ್ಲಿ ತಾಮ್ರ ನೋಡೋಣ, ಲಿವರ್ ಮುಟ್ಟುವುದು ಬೇಡ ಎಂದರು. ವಿಜಯ ಲ್ಯಾಬಿನ ಸ್ಟೂಲಿನ ಮೇಲೆ ಕೂತು ಸಮಾಧಾನವಾಗುವಷ್ಟು ಅತ್ತಳು. ವಾಪಸು ಬರುವಾಗ ಗಂಡನ ಮೇಲೆ, ಅವನ ಯಂತ್ರದ ಮೇಲೆ ದಾರಿಯುದ್ದಕ್ಕೂ ಹಲ್ಲು ಕಡಿದಳು. ಸಿಟ್ಟಿಗೆ ಯಾರಾದರೂ ಒಬ್ಬರು ಬೇಕಲ್ಲ.

ಮನೆಯಲ್ಲಿ ವಿಷಯ ಕೇಳಿ ಓಂಪ್ರಕಾಶ್ ಬಿಳಿಚಿಕೊಂಡ. "ಅವ್ವಾ, ಅದು ಚೆಲ್ಲೂ ನೀರು ಅಂತ ಹೇಳಿದ್ನೆಲ್ಲ. ಯಾಕ ಕುಡದಿ?"

ಬಸವ್ವ ಮಗನನ್ನು ನೋಡಲಿಲ್ಲ, ಸೊಸೆಯನ್ನು ನೋಡಿದಳು.

"ಇಲ್ಲಿ ಬರ ಐತಿ, ನೀರು ಚೆಲ್ಲಬ್ಯಾಡ್ರಿ, ಗಿಡಕ್ಕ ಹಾಕ್ರಿ ಅಂದಿದ್ದೆಲ್ಲವ್ವಾ ನೀ. ಅಂಗಳದಾಗ ನೋಡಿದ್ರ ಹುಲ್ಲು ಕಿತ್ತು ಬರೇ ಕಲ್ಲು ಹಾಕ್ಸೀರಿ. ಕಲ್ಲಿಗೆ ನೀರು ಹಾಕ್ಲ್ಯಾ? ನೀರಿನ ಸಾಲಿ ಕಲತಾಕಿ ಹೇಳ್ಯಾಳ ಅಂತ ನಾನ ಕುಡದೆ. ಒಂದು ಹನಿ ಚೆಲ್ಲಿಲ್ಲ ನೋಡು."

ಆ ದನಿಯಲ್ಲಿ ದೂರು ಇರಲಿಲ್ಲ. ಹೇಳಿದ ಕೆಲಸ ಚೊಕ್ಕಟವಾಗಿ ಮಾಡಿದೆನೆಂಬ ಹೆಮ್ಮೆಯಿತ್ತು. ಕಾರಿನ ಕೀ ಹುಡುಕುತ್ತ, ಮುಖ ಸಹ ನೋಡದೆ ಯಾವತ್ತೋ ಎಸೆದ ಮಾತು ಅದು. ವಿಜಯಳಿಗೆ ದಿನ ಕೂಡ ನೆನಪಿಲ್ಲ. ಅವಳು ನೆಲಕ್ಕೆ ಕುಸಿದು ಅತ್ತೆಯ ಮೊಣಕಾಲಿಗೆ ಹಣೆ ಇಟ್ಟಳು.

ಬಸವ್ವ ಅವಳ ತಲೆ ಸವರಿ, ಅಪ್ಪಣೆ ಕೇಳುವವಳಂತೆ ಮೆಲ್ಲಗೆ ಕೇಳಿದಳು: "ಹಂಗಾದ್ರ ಇನ್ನ ಮ್ಯಾಲ ಚೆಲ್ಲಲ್ಯಾ, ಯವ್ವಾ?"