ಮೂಲೆ ಸುಟ್ಟ ಕಾಗದ

ನಮ್ಮ ಕಡೆ ಮದುವೆಯ ಕಾಗದ ಬಂದರೆ ನಾಲ್ಕೂ ಮೂಲೆಗೆ ಅರಿಶಿಣ ಹಚ್ಚಿರುತ್ತದೆ. ಸಾವಿನ ಕಾಗದವಾದರೆ ಒಂದು ಮೂಲೆ ಸುಟ್ಟಿರುತ್ತದೆ. ಅಂಥದ್ದನ್ನು ಹೊಸ್ತಿಲೊಳಗೆ ತರುವುದಿಲ್ಲ. ಹೊರಗೇ ನಿಂತು ಓದಿಸಿ, ಅಲ್ಲೇ ಹರಿದು ಹಾಕಿ, ಕೈಕಾಲು ತೊಳೆದು ಒಳಗೆ ಬರುತ್ತೇವೆ. ಅಕ್ಷರ ಬಾರದವರಿಗೂ ಆ ಮೂಲೆ ಓದಲು ಬರುತ್ತದೆ.

ಅದಕ್ಕೇ ಆ ದಿನ ಅಂಚೆಯ ಸಿದ್ದಲಿಂಗ ಸೈಕಲ್ಲಿನಿಂದ ಇಳಿಯದೆ, ಒಂದು ಕಾಲು ನೆಲಕ್ಕೂರಿ, ನಮ್ಮ ಅಂಗಡಿಯ ಮುಂದೆ ಸುಮ್ಮನೆ ನಿಂತುಬಿಟ್ಟ. ಬೇರೆ ದಿನವಾದರೆ "ಪಕ್ಕೀರವ್ವ, ನಿಮ್ಮ ಜರ್ಮನಿ ಬಂತು, ಎರಡು ಮಿರ್ಚಿ ಕೊಡು" ಅಂತ ದೂರದಿಂದಲೇ ಕೂಗುತ್ತಿದ್ದ.

"ಯಾಕೋ ಸಿದ್ದಲಿಂಗ?" ಅಂದೆ.

ಅವನು ಲಕೋಟೆಯನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದ. ಬಲಗಡೆಯ ಕೆಳಗಿನ ಮೂಲೆ ಸುಟ್ಟು ಹೋಗಿತ್ತು.

ಜರ್ಮನಿಯಿಂದ ನಮಗೆ ಕಾಗದ ಬರೆಯುವವಳು ಶಿವಗಂಗಾ, ನನ್ನ ತಮ್ಮ ಸೋಮಪ್ಪನ ಮಗಳು. ಸೋಮಪ್ಪ ಚಿಗಟೇರಿ ಪಂಚಾಯಿತಿಯಲ್ಲಿ ನೀರು ಬಿಡುವವನು. ಪಂಪು ಚಾಲೂ ಮಾಡುವುದು, ಓಣಿ ಓಣಿಯ ವಾಲ್ವ್ ತಿರುವುವುದು ಅವನ ಕೆಲಸ. ನನ್ನದು ಬಸ್ ನಿಲ್ಲುವ ಕಡೆ, ಮನೆಯ ಮುಂದೇ, ಮಂಡಕ್ಕಿ ಮಿರ್ಚಿ ಅಂಗಡಿ. ಕೊಟ್ಟೂರಿನಿಂದ ರದ್ದಿ ಕಾಗದ ತರುತ್ತಿದ್ದೆ, ಹರಿದು ಪೊಟ್ಟಣ ಕಟ್ಟುತ್ತಿದ್ದೆ. ಆ ಹುಡುಗಿ ಓದಿದ್ದು ಸಾಲೆಯಲ್ಲಿ ಎಷ್ಟೋ, ನನ್ನ ರದ್ದಿಯಲ್ಲಿ ಅದಕ್ಕಿಂತ ಹೆಚ್ಚು. ನಾನು ಹರಿಯುವ ಮೊದಲೇ ಓದಬೇಕೆಂದು ಕೈ ಹಿಡಿಯುತ್ತಿದ್ದಳು. ತಪ್ಪಿ ಪೊಟ್ಟಣ ಗಿರಾಕಿಯ ಕೈಗೆ ಹೋದರೆ ಅವರ ಮುಂದೆ ಹೋಗಿ ನಿಲ್ಲುವಳು. "ಮಾಮ, ಲಗೂನ ತಿನ್ರಿ. ಅದರಾಗ ಇನ್ನ ನಾಕು ಸಾಲು ಉಳದಾವ." ಎಣ್ಣೆ ಹೀರಿದ ಕಾಗದ ಬಿಸಿಲಿಗೆ ಹಿಡಿದರೆ ಹಿಂದಿನದೂ ಮುಂದಿನದೂ ಒಟ್ಟಿಗೆ ಕಾಣುತ್ತದೆ. ಎರಡನ್ನೂ ಬಿಡಿಸಿ ಓದುವಳು. ನಾನು ಸಾಲೆಗೆ ಹೋಗಿದ್ದು ಒಂದೇ ಮಳೆಗಾಲ. ಕಲಿತದ್ದು ಮರೆತಿತ್ತು. ನನ್ನ ತೊಡೆಯ ಮೇಲೆ ಕೂತು ಮತ್ತೆ ಅಕ್ಷರ ಕೂಡಿಸಲು ಕಲಿಸಿದವಳು ಅವಳೇ.

ಅವಳಿಗೆ ಇದ್ದ ದುಶ್ಚಟ ಒಂದೇ. ಪುಸ್ತಕ ಕೈಗೆ ಬಂದರೆ ಲೋಕ ಮರೆಯುವಳು. ಒಲೆಯ ಮೇಲೆ ಎಷ್ಟು ರೊಟ್ಟಿ ಸುಟ್ಟು ಕರಿ ಮಾಡಿದಳೋ ಲೆಕ್ಕ ಇಟ್ಟವರಿಲ್ಲ.

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿದಳು. ಪುಣೆಯಲ್ಲಿ ಪಂಪು ಮಾಡುವ ಕಂಪನಿ ಸೇರಿದಳು. ಅವರು ಒಂದು ವರ್ಷದ ಕೆಲಸಕ್ಕೆ ಜರ್ಮನಿಗೆ ಕಳಿಸಿದರು. ನಮ್ಮ ಕೇರಿಯಿಂದ ವಿಮಾನ ಹತ್ತಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ತಿಂಗಳಿಗೊಂದು ಕಾಗದ ಬರುತ್ತಿತ್ತು. ಮೌನೇಶ್ ಮೇಷ್ಟ್ರು ಅಂಗಡಿಯ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಓದುತ್ತಿದ್ದರು. ಓದುತ್ತಾ ಕೂತು ಇಳಿಯುವ ಊರು ಬಿಟ್ಟು ಬಸ್ಸಿನ ಡಿಪೋಕ್ಕೇ ಹೋದದ್ದು, ಉಣ್ಣೆಯ ಕೋಟನ್ನು ಬಿಸಿನೀರಿನ ಮಷೀನಿಗೆ ಹಾಕಿ ಗೊಂಬೆಯ ಅಂಗಿಯಷ್ಟು ಮಾಡಿದ್ದು, ಎಲ್ಲ ಬರೆಯುತ್ತಿದ್ದಳು. ಕಟ್ಟೆ ನಗುತ್ತಿತ್ತು, ನಾನು ಎದೆಯುಬ್ಬಿಸಿ ಕೂತಿರುತ್ತಿದ್ದೆ.

ಈಗ ಅದೇ ಕಟ್ಟೆಯ ಮುಂದೆ ಮೂಲೆ ಸುಟ್ಟ ಲಕೋಟೆ.

ಅವಳ ತಾಯಿ ಅನ್ನದಾನಮ್ಮ ನೀರಿನ ಕೊಡ ಇಳಿಸಿದವಳು ಹಾಗೇ ನೆಲಕ್ಕೆ ಕುಸಿದಳು. "ನನ್ನ ಕೂಸಿಗೆ ಏನಾತೋ" ಅಂತ ರಾಗ ತೆಗೆದಳು. ಸೋಮಪ್ಪ ಪಂಪ್ ಮನೆಯಿಂದ ಓಡಿ ಬಂದ. ಕೈಯಲ್ಲಿ ವಾಲ್ವ್ ತಿರುವುವ ಪಾನಾ ಹಾಗೇ ಇತ್ತು.

"ವಿಳಾಸ ಯಾರ ಕೈಬರಹ ನೋಡ್ರಿ. ಅಕೀದೇ ಇದ್ರ ಅಕಿ ಅದಾಳ ಅಂತ ತಿಳಕೋರಿ" ಅಂದಳು ಎದುರುಮನೆಯ ನೀಲಗಂಗಮ್ಮ.

"ಇಂಗ್ಲಿಷಿನಾಗ ಐತಿ, ದೊಡ್ಡಕ್ಷರ. ಯಾರು ಬರದ್ರೂ ಇದು ಹಿಂಗೇ ಇರ್ತೈತಿ" ಅಂದ ಸಿದ್ದಲಿಂಗ.

"ಫೋನ್ ಹಚ್ಚೋಣಲ್ಲ?" ಅಂದರು ಯಾರೋ.

"ರೂಮು ಬದಲಿ ಮಾಡ್ಯಾಳ. ಹೊಸ ನಂಬರು ಈ ಕಾಗದದಾಗ ಬರೀತೀನಿ ಅಂದಿದ್ಲು" ಅಂದ ಸೋಮಪ್ಪ. "ಮೇಷ್ಟ್ರು ಎಲ್ಲಿ?"

ಮೇಷ್ಟ್ರು ಚುನಾವಣೆ ಡ್ಯೂಟಿಗೆ ಹರಪನಹಳ್ಳಿಗೆ ಹೋಗಿದ್ದರು, ಬರುವುದು ಮರುದಿನ.

"ಸಿದ್ದಲಿಂಗ, ನೀನ ಓದಪ್ಪ."

"ಬ್ಯಾಡ ಸೋಮಣ್ಣ, ಕೈ ಮುಗೀತೀನಿ. ಹೋದ ವರ್ಷ ಹಿಂತಾದ್ದೊಂದು ಓದಿದೆ. ಆ ಮನಿಯವ್ರು ಇವತ್ತಿಗೂ ನನ್ನ ಮಾರಿ ನೋಡಂಗಿಲ್ಲ."

ಯಾರೂ ಮುಂದೆ ಬರಲಿಲ್ಲ. ನಾನು ಎಣ್ಣೆಯ ಕೈ ಸೆರಗಿಗೆ ಒರೆಸಿಕೊಂಡು ಎದ್ದೆ. "ಕೊಡು ಇಲ್ಲಿ."

ಅಂಥ ಹೊತ್ತಿನಲ್ಲೂ ನೀಲಗಂಗಮ್ಮ ಬಾಯಿ ಬಿಟ್ಟಳು: "ಪಕ್ಕೀರವ್ವ ಓದೋದ್ರೊಳಗ ಹುಡುಗಿ ನಡಕೊಂತ ಊರಿಗೆ ಬರ್ತಾಳ."

"ಬರಲಿ ಬಿಡು. ನಾ ಬ್ಯಾಡ ಅನ್ನಂಗಿಲ್ಲ" ಅಂದೆ.

ಲಕೋಟೆ ಬಿಚ್ಚಿದೆ. ಒಳಗಿನ ಹಾಳೆಯ ಮೂಲೆಯೂ ಅಷ್ಟೇ ಸುಟ್ಟಿತ್ತು. ಅಕ್ಷರ ಕನ್ನಡದ್ದು. 'ಶ'ದ ಹೊಟ್ಟೆಯನ್ನು ಅಷ್ಟು ದುಂಡಗೆ ಬರೆಯುವವಳು ಒಬ್ಬಳೇ.

"ಅಕೀನೇ ಬರದಾಳ" ಅಂದೆ. ಅನ್ನದಾನಮ್ಮನ ಅಳು ಅರ್ಧಕ್ಕೆ ನಿಂತಿತು.

"ಹಂಗಾರ ಏನರ ಕೆಟ್ಟದ್ದು ಆಗೈತಿ. ಸುಮ್ಮನ ಸುಡ್ತಾರೇನು? ಕೊನೀಗೆ ನೋಡಕ್ಕ, ಕೊನೀಗೆ ಬರದಿರ್ತಾಳ" ಅಂದ ಸೋಮಪ್ಪ.

ನನಗೆ ಕೊನೆಗೆ ಹಾರಿ ಓದಲು ಬರುವುದಿಲ್ಲ. ರದ್ದಿ ಕಾಗದದಲ್ಲಿ ಕೊನೆ ಎಂಬುದೇ ಇರುತ್ತಿರಲಿಲ್ಲ. ಇದ್ದಲ್ಲಿಂದ ಶುರು ಮಾಡಿ ಹರಿದಲ್ಲಿಯವರೆಗೆ ಹೋಗಬೇಕು, ಅಷ್ಟೇ. ಬೆರಳಿಟ್ಟು ಮೊದಲಿಂದ ಓದಿದೆ. ಒಂದೊಂದು ಶಬ್ದಕ್ಕೆ ಒಂದೊಂದು ಉಸಿರು. ಬಂದ ಬಸ್ಸು ಹೊರಟರೂ ಇಬ್ಬರು ಹತ್ತಲಿಲ್ಲ.

"ಅತ್ತಿ, ಎಲ್ಲರಿಗೂ ನಮಸ್ಕಾರ. ಇಲ್ಲಿ ಬ್ರೆಡ್ ಕಟ್ಟಿ ಕೊಡೋ ಕಾಗದದಾಗ ಏನೂ ಬರದಿರಂಗಿಲ್ಲ. ಬರೇ ಬಿಳಿ. ತಿಂದ ಮ್ಯಾಲೆ ಓದಾಕ ಏನೂ ಇಲ್ಲ ಅಂತ ಬ್ಯಾಸರ ಆಗಿ ಲೈಬ್ರರಿಗೆ ಹೋದೆ. ಒಮ್ಮೆಲೆ ಇಪ್ಪತ್ತು ಪುಸ್ತಕ ಕೊಟ್ಟರು. ಹೊತ್ತುಕೊಂಡು ಬರೋವಾಗ ಚೀಲ ಹರೀತು. ರಸ್ತಿ ತುಂಬ ಪುಸ್ತಕ. ಒಬ್ಬ ಮುದುಕ ತನ್ನ ನಾಯಿನ್ನ ಕಂಬಕ್ಕ ಕಟ್ಟಿ, ಎಲ್ಲಾ ಆರಿಸಿ ನಮ್ಮ ಮನಿತನ ಹೊತ್ತು ತಂದ. ನಾಯಿನ್ನ ಅಲ್ಲೇ ಮರೆತು ಬಂದಿದ್ದ."

ಯಾರೋ ನಕ್ಕರು. ತಕ್ಷಣ ನಾಲಿಗೆ ಕಚ್ಚಿಕೊಂಡರು.

"ಯಾರಿಗೇನಾತು ಅನ್ನೋದು ಓದವ್ವ ಮೊದ್ಲು" ಅಂದಳು ನೀಲಗಂಗಮ್ಮ.

"ಇನ್ನ ಬಂದಿಲ್ಲ. ತಡಿ."

"ಅಪ್ಪಗ ಒಂದು ಮಾತು ಹೇಳ್ರಿ. ನಮ್ಮ ಪಂಪಿನ ಪುಸ್ತಕ ನಾಕುನೂರು ಹಾಳಿ ಐತಿ. ಇಲ್ಲಿ ಯಾರೂ ಪೂರಾ ಓದಂಗಿಲ್ಲ, ಬೇಕಾದ ಹಾಳಿ ತೆಗೆದು ನೋಡ್ತಾರ. ನಾನು ನಿಘಂಟು ಇಟಗೊಂಡು ಎರಡು ತಿಂಗಳು ಮೊದಲಿಂದ ಕೊನೀತನ ಓದಿದೆ. ಒಂದು ಕಡೆ ವಾಲ್ವ್ ಮುಚ್ಚೋ ಬಾಣ ಉಲ್ಟಾ ಹಾಕ್ಯಾರ. ದೊಡ್ಡ ಇಂಜಿನಿಯರಿಗೆ ತೋರಿಸಿದೆ. ಅವರು ನಕ್ಕರು. ಆಮ್ಯಾಲೆ ಹೋಗಿ ನೋಡಿದರು. ಆಮ್ಯಾಲೆ ನಗಲಿಲ್ಲ. ಮೂರು ವರ್ಷದಿಂದ ಯಾರಿಗೂ ಕಂಡಿರಲಿಲ್ಲ ಅಂತ. ಹೊಸ ಪುಸ್ತಕದಾಗ ತಿದ್ದಿ ಅಚ್ಚು ಹಾಕ್ತಾರ. ಯಾರು ಹೇಳಿಕೊಟ್ಟರು ಅಂತ ಕೇಳಿದರು. ನಮ್ಮಪ್ಪ ಚಿಗಟೇರಿಯಾಗ ನೀರು ಬಿಡ್ತಾರ ಅಂದೆ."

ನಾನು ಆ ಕೊನೆಯ ಸಾಲನ್ನು ಎರಡು ಸಲ ಓದಿದೆ. ಮೊದಲ ಸಲ ನನಗೆ, ಎರಡನೇ ಸಲ ಸೋಮಪ್ಪನಿಗೆ. ಅವನು ಪಾನಾವನ್ನು ಎದೆಗೆ ಒತ್ತಿ ಹಿಡಿದಿದ್ದ.

"ಬಲಕ್ಕ ತಿರುವಿದ್ರ ಮುಚ್ಚತೈತಿ. ಅದು ನಮ್ಮ ಎಮ್ಮಿಗೂ ಗೊತ್ತು. ಜರ್ಮನಿಯವರಿಗೆ ಗೊತ್ತಿಲ್ಲಂದ್ರ..." ಅಂದ. ಮುಖ ಆ ಕಡೆ ತಿರುಗಿಸಿದ.

ಉಳಿದದ್ದು ಕೆಳಗಿನ ಎರಡು ಮೂರು ಸಾಲು, ಸುಟ್ಟ ಮೂಲೆಯ ಕಡೆ ಹೋಗುವಂಥವು. ನನ್ನ ಬೆರಳು ಅಲ್ಲಿಗೆ ಬಂದಾಗ ಅನ್ನದಾನಮ್ಮ ಎದ್ದು ಬಂದು ನನ್ನ ಭುಜ ಹಿಡಿದಳು. ಕೆಟ್ಟದ್ದಿದ್ದರೆ ಇಲ್ಲೇ ಇರಬೇಕು.

"ಅತ್ತಿ, ನೀವು ಕಳಿಸಿದ ಜ್ವಾಳದ ಹಿಟ್ಟು ಇನ್ನ ಸ್ವಲ್ಪ ಐತಿ. ಇಲ್ಲಿ ಒಲಿಯಾಗ ಬೆಂಕಿ ಇರಂಗಿಲ್ಲ, ಕಬ್ಬಿಣದ ತಟ್ಟಿ ಕೆಂಪಗ ಆಗತೈತಿ. ಒಂದು ತಟ್ಟಿ ಮ್ಯಾಲೆ ರೊಟ್ಟಿ ಹಾಕೇನಿ. ಬಾಜೂದ ತಟ್ಟಿ ಆರಿಸಿ, ಈ ಕಾಗದ ಅದರ ಪಕ್ಕ ಇಟಗೊಂಡು ಬರಿಯಾಕತ್ತೀನಿ. ಲೈಬ್ರರಿಯಿಂದ ತಂದ ಒಂದು ಕಥಿ ಪುಸ್ತಕದಾಗ ಇನ್ನ ನಾಕೇ ಹಾಳಿ ಉಳದಾವ. ಇದನ್ನ ಲಕೋಟಿಗೆ ಹಾಕಿಟ್ಟು, ಅದನ್ನ ಮುಗಿಸಿ, ಆಮ್ಯಾಲೆ ಪೋಸ್ಟಿಗೆ ಹೋಗ್ತೀನಿ. ಹೊಸ ಫೋನ್ ನಂಬರು..."

ಅಲ್ಲಿಗೆ ಕಾಗದ ಇಲ್ಲ.

ನಾನು ಸುಟ್ಟ ಅಂಚನ್ನು ಬೆಳಕಿಗೆ ಹಿಡಿದೆ. ಕಡ್ಡಿ ಗೀರಿ ಸುಟ್ಟರೆ ಮಸಿ ಹಿಡಿಯುತ್ತದೆ, ಅಂಚು ಸೊಟ್ಟಗೆ ಹೋಗುತ್ತದೆ. ಇದು ಬಳೆ ಇಟ್ಟು ಗೆರೆ ಎಳೆದಂತೆ ದುಂಡಗಿತ್ತು, ಕೆಂಪು ರೊಟ್ಟಿಯ ಬಣ್ಣ. ಮೂಸಿ ನೋಡಿದೆ. ಲಕೋಟೆಯ ಮಡಿಕೆಯಲ್ಲಿ ಒಂದು ಚಿಟಿಕೆ ಜೋಳದ ಹಿಟ್ಟು ಇತ್ತು.

"ಯಾರೂ ಸತ್ತಿಲ್ಲ. ಆರಿಸಿದ ತಟ್ಟಿ ಪೂರಾ ಆರಿರಲಿಲ್ಲ, ಲಕೋಟಿ ಮೂಲಿ ಅದಕ್ಕ ತಾಗೈತಿ; ಪುಸ್ತಕದ ಗುಂಗಿನಾಗ ಅಕಿ ನೋಡದ ಹಂಗೇ ಪೋಸ್ಟಿಗೆ ಹಾಕ್ಯಾಳ. ಸತ್ತಿದ್ದರ ಒಂದು ರೊಟ್ಟಿ ಸತ್ತೈತಿ" ಅಂದೆ.

ಮೊದಲು ನಕ್ಕವಳು ಅನ್ನದಾನಮ್ಮ. ಕಣ್ಣೀರು ಒರೆಸಿಕೊಳ್ಳದೆ ನಕ್ಕಳು. "ಅಲ್ಲೀ ತನ ಹೋಗಿ ಇಂಜಿನೇರ ಆಗ್ಯಾಳ, ರೊಟ್ಟಿ ಸುಡೋದು ಬಿಟ್ಟಿಲ್ಲ ನೋಡ್ರಿ!" ಸಿದ್ದಲಿಂಗ ಆಗ ಸೈಕಲ್ಲಿನಿಂದ ಇಳಿದು ಸ್ಟ್ಯಾಂಡ್ ಹಾಕಿದ. "ಪಕ್ಕೀರವ್ವ, ಎರಡು ಮಿರ್ಚಿ ಕೊಡು. ಜೀವ ಹೋಗಿತ್ತು ನಂದು."

ನೀಲಗಂಗಮ್ಮ ಮಾತ್ರ ಹೇಳಿದಳು: "ಏನೇ ಇರಲಿ, ಸುಟ್ಟ ಕಾಗದ ಮನಿಯಾಗ ತಗೊಂಡು ಹೋಗಬಾರದು. ಹರಿದು ಒಗಿ."

ನಾನು ಜೀವಮಾನವೆಲ್ಲ ಕಾಗದ ಹರಿದವಳು. ಅದೊಂದನ್ನು ಹರಿಯಲಿಲ್ಲ. ಒಳಗೆ ಹೋಗಿ ಅರಿಶಿಣದ ಡಬ್ಬಿ ತಂದು, ಎಲ್ಲರೂ ನೋಡುವಂತೆ ಉಳಿದ ಮೂರು ಮೂಲೆಗೂ ಹಚ್ಚಿದೆ. ಆಮೇಲೆ ಹೊಸ್ತಿಲು ದಾಟಿಸಿದೆ.

ಸೋಮಪ್ಪ ಅವತ್ತು ಸಂಜೆ ನೀರು ಬಿಡುವಾಗ ಪ್ರತಿ ಓಣಿಯಲ್ಲೂ ನಿಂತು ವಾಲ್ವಿನ ಕಥೆ ಹೇಳಿದ. ನಮ್ಮ ಓಣಿಗೆ ನೀರು ಬಂದದ್ದು ದೀಪ ಹಚ್ಚಿದ ಮೇಲೆ.

ಮರುದಿನ ಮೇಷ್ಟ್ರು ಬಂದರು. ಕಾಗದ ಕೇಳಿದರು. "ಓದಿ ಆತು ಮೇಷ್ಟ್ರ" ಅಂದೆ. ವಿಳಾಸವನ್ನು ಮಾತ್ರ ಅವರ ಕೈಲಿ ಬರೆಸಿ, ಒಳಗಿನ ಉತ್ತರವನ್ನು ನಾನೇ ಬರೆದೆ, ಮೂರು ದಿನ ಹಿಡಿಯಿತು. ಬರೆದದ್ದು ನಾಲ್ಕೇ ಸಾಲು. ಕಾಗದ ಮುಟ್ಟಿತು. ಎಲ್ಲರೂ ಆರಾಮ ಅದೀವಿ. ಫೋನ್ ನಂಬರು ಸುಟ್ಟೈತಿ, ಇನ್ನೊಮ್ಮೆ ಬರಿ. ಆ ಪುಸ್ತಕದ ಕೊನೀ ನಾಕು ಹಾಳಿಯಾಗ ಏನಾತು, ಅದನ್ನೂ ಬರಿ.