ಅಡಮೆಂಟ್ ಹುಡುಗಿ

"ಹುಡುಗಿ ಒಳ್ಳೆಯವಳೇ, ಸ್ವಲ್ಪ ಅಡಮೆಂಟ್ ಅಷ್ಟೇ."

ಸೋದರಮಾವ ಸುಧಾಕರನ ಈ ಒಂದು ಮಾತಿಗೆ ಅರುಣಕುಮಾರಿಯ ಎರಡು ಸಂಬಂಧ ಆಗಲೇ ಮುರಿದಿದ್ದವು. ಆ ಪುಣ್ಯಾತ್ಮನಿಗೆ ಬರುತ್ತಿದ್ದ ಇಂಗ್ಲಿಷೇ ಅಷ್ಟು, ಅದನ್ನೂ ಇವಳ ಮೇಲೇ ಖರ್ಚು ಮಾಡಬೇಕೆ! ಅವಳ ಹಟವಾದರೂ ಏನು ಮಹಾ? ಮದುವೆಯಾದ ಮೇಲೂ ಕೆಜಿಎಫ್‌ನ ಫ್ಯಾಕ್ಟರಿ ಕೆಲಸ ಬಿಡುವುದಿಲ್ಲ ಅನ್ನುವುದು.

ಈ ಸಲ ಕಾಮಸಮುದ್ರಕ್ಕೆ ಹೆಣ್ಣು ನೋಡಲು ಬಂದವರು ಬಂಗಾರಪೇಟೆಯವರು: ಹುಡುಗ ರವಿಕಿರಣ್, ಅವನ ತಂದೆ ಮುನಿಸ್ವಾಮಪ್ಪ, ಅಜ್ಜಿ ಪೆದ್ದಮ್ಮ. ಅರುಣಕುಮಾರಿಗೆ ಹುಡುಗ ನೋಡಿದ ಕೂಡಲೇ ಹಿಡಿಸಿಬಿಟ್ಟಿದ್ದ. ಈ ಸಂಬಂಧವಾದರೂ ತಪ್ಪಬಾರದು ಅನ್ನಿಸಿತ್ತು. "ಇವತ್ತೊಂದಿನ ಬಾಯಿ ಮುಚ್ಕಂಡಿರು ತಾಯಿ," ಎಂದು ಅಮ್ಮ ಅಡುಗೆಮನೆಯಲ್ಲೇ ಕೈ ಮುಗಿದಿದ್ದಳು.

ಕೇಸರಿಬಾತು ಮುಗಿಯುವಷ್ಟರಲ್ಲಿ ಸುಧಾಕರನ ಬಾಯಿಂದ ಆ ಮಾತು ಉದುರೇಬಿಟ್ಟಿತು.

"ಅಂಗಂದ್ರೆ ಏನಪ್ಪ?" ಎಂದಳು ಪೆದ್ದಮ್ಮ.

"ಅಂದ್ರೆ... ಗಟ್ಟಿ ಹುಡುಗಿ ಅಂತ," ಸುಧಾಕರ ತಡವರಿಸಿದ.

ಅರುಣಕುಮಾರಿಗೆ ರೇಗಿತು. "ಮೊಂಡಿ ಅಂತ ಅರ್ಥ, ಅಜ್ಜಿ. ಇಡಿದಿದ್ದು ಬಿಡಲ್ಲ. ನಿಮ್ಮನೆಗೆ ಬಂದ್ರೂ ಬೆಳಿಗ್ಗೆ ಕೆಜಿಎಫ್‌ಗೆ ಓಗೋ ಮಾರಿಕುಪ್ಪಂ ಟ್ರೈನ್ ಅತ್ತಿ ಕೆಲಸಕ್ಕೆ ಓಗ್ತೀನಿ, ಸಂಜೆ ಬತ್ತೀನಿ."

ಅಮ್ಮ ಹಣೆ ಚಚ್ಚಿಕೊಂಡಳು. ಮುನಿಸ್ವಾಮಪ್ಪ ಪಂಚೆ ಕೊಡವಿ ಎದ್ದ. "ಮನೆಗೋಗಿ ಫೋನ್ ಮಾಡ್ತೀವಿ," ಎಂದ. ಆ ಫೋನ್ ಎಂದೂ ಬರುವುದಿಲ್ಲ ಅಂತ ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಅರುಣಕುಮಾರಿಗೆ ಅಳು ಒತ್ತರಿಸಿ ಬಂತು. ಆದರೂ ಆಡಿದ ಮಾತನ್ನು ವಾಪಸ್ ತಗೊಳ್ಳಲಿಲ್ಲ.

ಪೆದ್ದಮ್ಮ ಮಾತ್ರ ಚಾಪೆ ಬಿಟ್ಟು ಏಳಲಿಲ್ಲ.

"ಏಳಮ್ಮ, ಬಸ್ಸು ಓಗ್ಬಿಡ್ತದೆ," ಎಂದ ಮಗ ಮುನಿಸ್ವಾಮಪ್ಪ.

"ಓಗ್ಲಿ ಬಿಡು. ಚಿನ್ನದ ಗಣಿ ಮುಚ್ಚಿ ಕೆಲ್ಸ ಓದಾಗ ನೀನೂ ನಿಮ್ಮಪ್ಪನೂ ಮೂಲೆ ಸೇರ್ಕಂಡ್ರಿ. ಟೇಸನ್ ಅತ್ರ ಇಡ್ಲಿ ಮಾರ್ತೀನಿ ಅಂದ್ರೆ ಮಾನ ಓಯ್ತದೆ ಅಂತ ಕುಣಿದ್ರಿ. ನಾನು ಬಿಟ್ನೇನ್ಲಾ? ಆ ಇಡ್ಲೀಲೇ ಅಲ್ವಾ ನಿನ್ನ ಮಗ ಓದಿದ್ದು? ಆವತ್ತು ನನ್ನೂ ಮೊಂಡಿ ಅಂತ ಬೈದ್ರಿ. ಇಂಗ್ಲೀಷಲ್ಲೂ ಅದಕ್ಕೊಂದು ಮಾತೈತೆ ಅಂತ ಇವತ್ತು ಗೊತ್ತಾಯ್ತು ನೋಡು! ನಾನೂ ಅಡಮೆಂಟೇ. ತಾಂಬೂಲ ಆಗೋವರ್ಗೂ ಈ ಚಾಪೆ ಬಿಡಲ್ಲ."

ರವಿಕಿರಣ್ ಬಂದು ಅಜ್ಜಿಯ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತ. "ನಾನೂ ಅಷ್ಟೇ," ಎಂದ, ಅರುಣಕುಮಾರಿಯನ್ನೇ ನೋಡುತ್ತ.

ಹೊರಗೆ ಬಸ್ಸು ಹಾರನ್ ಹೊಡೆದು ಹೊರಟೇಹೋಯಿತು. ಮುನಿಸ್ವಾಮಪ್ಪ ತಾಯಿಯನ್ನು ನೋಡಿದ, ಮಗನನ್ನು ನೋಡಿದ, ಕೊನೆಗೆ ತಾನೂ ಕೂತ.

"ತಾಂಬೂಲ ತನ್ನಿ," ಎಂದ. ಆಮೇಲೆ ಗಂಟಲು ಸರಿಮಾಡಿಕೊಂಡು ಕೇಳಿದ, "ಯಾವ ಟ್ರೈನ್‌ಗಮ್ಮ ನೀನು ಓಗೋದು?"

"ಬೆಳಿಗ್ಗೆ ಮೊದಲ್ನೇದಕ್ಕೆ, ಮಾವ," ಎಂದಳು ಅರುಣಕುಮಾರಿ, ಮನೆಗೆಲ್ಲ ಕೇಳುವಂತೆ.