ಅವಧಿ ಮುಗಿದ ಗೋಡೆ

“ಲೇ ಇರುಳಾಂಡಿ, ಬ್ರಷ್‌ಗೆ ಜೀವ ಇಲ್ವೇನೋ ಸೂಳೇಮಗನೆ? ‘ತಾಯಿ’ ಅನ್ನೋದು ದಪ್ಪಕೆ ಬರಿ. ಕೆಳಗಿಂದು ಸಣ್ಣಕಿರ್ಲಿ.”

ಏಣಿಯ ಬುಡದಲ್ಲಿ ನಿಂತು ಹೀಗೆ ಬಯ್ಯುತ್ತಿದ್ದವನು ನಮ್ಮ ವಾರ್ಡಿನ ಲೀಡರ್ ಪಾಂಡಿದುರೈ. ವೈಗೈ ಹೊಳೆಯ ದಡದ ನಮ್ಮ ಕೇರಿಯ ಗೋಡೆಯ ಮೇಲೆ ನಾನು ಬರೆಯುತ್ತಿದ್ದದ್ದು ‘ತಾಯಿ ವೈಗೈಯನ್ನು ಉಳಿಸೋಣ’. ಕೆಳಗೆ ಸಣ್ಣಗೆ, ‘ದಡದ ಅರವತ್ತು ಗುಡಿಸಲು ತೆರವು’. ಅವನು ಕೊಟ್ಟ ಚೀಟಿ ಓದಿದಾಗಲೇ ನನಗೂ ಇದು ಗೊತ್ತಾದದ್ದು.

ಹೋದ ವರ್ಷ ಇದೇ ಯೋಜನೆಗೆ ‘ಗುಡಿಸಲು ತೆರವು’ ಅಂತಲೇ ಹೆಸರಿತ್ತು. ಆಗ ಮಧುರೈಯ ಕಾಲೇಜು ಹುಡುಗರು ನಮಗಾಗಿ ರಸ್ತೆ ತಡೆದಿದ್ದರು, ಯೋಜನೆ ಸತ್ತಿತೆಂದು ನಾವು ಪೊಂಗಲ್ ಹಂಚಿದ್ದೆವು. ಈಗ ತಾಯಿಯ ಹೆಸರಲ್ಲಿ ಅದೇ ಹುಡುಗರು ಮನೆಮನೆಗೆ ಹೋಗಿ ಸಹಿ ಹಾಕಿಸುತ್ತಿದ್ದರು. ನಮ್ಮತ್ತೆ ಒಚ್ಚಮ್ಮನೂ ಲೀಡರನ ಭಾಷಣಕ್ಕೆ ಕಣ್ಣೊರೆಸಿಕೊಂಡು ಹೆಬ್ಬೆಟ್ಟು ಒತ್ತಿ ಬಂದಿದ್ದಳು.

ಎದುರಿಗೆ ನಿಂತು ನೋಡುತ್ತಿದ್ದ ಅವಳಿಗೆ ಏಣಿಯ ಮೇಲಿಂದಲೇ ಸಣ್ಣಕ್ಷರ ಓದಿ ಹೇಳಿದೆ. ಅಗಿಯುತ್ತಿದ್ದ ಎಲೆಯಡಿಕೆ ಹಾಗೇ ನಿಂತಿತು.

“ಅರವತ್ತರಲ್ಲಿ ನಮ್ದೂ ಐತಾ?”

“ಮೂರನೇದು, ಅತ್ತೆ.”

ಪಾಂಡಿದುರೈ ನಕ್ಕ. “ತಾಯಿಗೋಸ್ಕರ ಇಷ್ಟೂ ಬಿಡಕ್ಕಾಗಲ್ವೇನೇ ಮುದುಕಿ?”

“ನಾನೂ ನಾಕು ಹೆತ್ತೋಳೇ ಕಣೋ. ಯಾವ ತಾಯಿ ಮಕ್ಕಳ್ನ ಬೀದಿಗೆ ದಬ್ತಾಳೆ, ಹೇಳು.”

ಅವನು ನನ್ನ ಕಡೆ ತಿರುಗಿ, ನಾಲ್ಕಕ್ಕೆ ಮಂತ್ರಿ ಬರುವಷ್ಟರಲ್ಲಿ ಮುಗಿಸೆಂದು ಗದರಿ ಪರೋಟ ತಿನ್ನಲು ಹೋದ.

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆಯಿದೆ. ಸುಣ್ಣ ಬಳಿದು ಮೂಲೆಗಳಲ್ಲಿ ಹೆಸರು, ಇಸವಿ ಬರೆದರೆ ಗೋಡೆ ಬುಕ್ಕಾದಂತೆ. ಆ ಇಸವಿಯವರೆಗೆ ಎದುರು ಪಕ್ಷದ ಪೇಂಟರೂ ಮುಟ್ಟುವುದಿಲ್ಲ. ಈ ಗೋಡೆಯ ಮೂಲೆಯಲ್ಲಿದ್ದದ್ದು ಪಾಂಡಿದುರೈಯ ಹೆಸರು, ಹೋದ ವರ್ಷದ ಇಸವಿ; ಅವಧಿ ಮುಗಿದಿತ್ತು. ತಾಯಿಯ ಅವಸರದಲ್ಲಿ ಲೀಡರು ಹೊಸದು ಬರೆಸಲು ಮರೆತಿದ್ದ.

ಇಡೀ ಗೋಡೆಗೆ ಸುಣ್ಣ ಬಳಿದೆ. ನಾಲ್ಕು ಮೂಲೆಗೂ ‘ಒಚ್ಚಮ್ಮ, ಸಾಯುವವರೆಗೆ’ ಎಂದು ಬರೆದೆ. ನಡುವೆ ಆಳೆತ್ತರದ ಕಪ್ಪು ಅಕ್ಷರದಲ್ಲಿ, ‘ದಡದ ಅರವತ್ತು ಗುಡಿಸಲು ತೆರವು’. ಅಷ್ಟೇ.

ಪಾಂಡಿದುರೈ ಬಂದವನೇ ನನ್ನ ಕೆನ್ನೆಗೆ ಬಾರಿಸಿದ. ಬೇರೆ ಪೇಂಟರುಗಳನ್ನು ಕರೆಸಿದ. ಅವರು ಮೂಲೆ ನೋಡಿದರು, ಕೈಕಟ್ಟಿ ನಿಂತರು. ಸೇತುವೆಯ ಮೇಲೆ ಮಂತ್ರಿಯ ಕಾರುಗಳ ಹಾರ್ನ್ ಕೇಳಿಸಿತು. ಲೀಡರು ತಾನೇ ಸುಣ್ಣದ ಬಕೆಟ್ಟು ಎತ್ತಿಕೊಂಡ. ಅತ್ತೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂತಳು.

“ಹಸಿ ಬಣ್ಣ ಅತ್ತೆ, ಸೀರೆಗೆ ಹತ್ತುತ್ತೆ” ಎಂದೆ.

“ಹತ್ಲಿ ಬಿಡು. ಗೋಡೆ ಬಳಿದಂಗೆ ನನ್ನೂ ಬಳೀತಾನಾ, ನೋಡಾನ.”